ಕೊಬ್ಬಿಸುವ ಹಂದಿಗಳಿಗೆ ವಿಟಮಿನ್ ಇ ಪುಡಿ: ಮಾಂಸದಲ್ಲಿ ಕಂಡದ್ದು, ಕಾಣದ್ದು

ಮಾರಾಟದ ತೂಕಕ್ಕೆ ಬರುತ್ತಿರುವ ಹಂದಿಗಳ ಆಹಾರಕ್ಕೆ ಬೆರೆಸಲೆಂದು ಮಾರುವ ವಿಟಮಿನ್ ಇ ಪುಡಿಯೊಂದನ್ನು ಕೊಡಗಿನ ನಮ್ಮ ಫಾರ್ಮಿನಲ್ಲಿ ಒಂದು ಗೂಡಿನ ಹಂದಿಗಳಿಗೆ ಕೊಟ್ಟು, ಪಕ್ಕದ ಗೂಡಿಗೆ ಅದೇ ಆಹಾರವನ್ನು ಪುಡಿಯಿಲ್ಲದೆ ಹಾಕಿ, ಎರಡರ ಮಾಂಸವನ್ನೂ ಒಲೆಯ ಮೇಲಿನ ಪಾತ್ರೆಯವರೆಗೆ ಹೋಲಿಸಿ ನೋಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಪುಡಿ ಒಳ್ಳೆಯದೇ. ಆದರೆ ಮಾಂಸದ ಗುಣಮಟ್ಟ ಹೆಚ್ಚುತ್ತದೆ ಎಂದು ಚೀಲದ ಮೇಲೆ ಅಚ್ಚಾಗಿರುವ ಮಾತಿಗೂ ಅದೇ ಚೀಲದ ಮೇಲೆ ಸೂಚಿಸಿರುವ ಪ್ರಮಾಣಕ್ಕೂ ತಾಳೆಯಾಗುವುದಿಲ್ಲ.

ಪುಡಿಯಲ್ಲಿ ವಿಟಮಿನ್ ಇ ಶೇ. 50ರಷ್ಟಿದೆ, ಟನ್ ಆಹಾರಕ್ಕೆ 100 ಗ್ರಾಂ ಬೆರೆಸಲು ಹೇಳಿದ್ದಾರೆ. ಅಲ್ಲಿಗೆ ಕಿಲೋ ಆಹಾರಕ್ಕೆ ದೊರೆಯುವುದು 50 ಮಿಲಿಗ್ರಾಂ. ಈ ವಯಸ್ಸಿನ ಹಂದಿಗೆ ಅಮೆರಿಕದ ಎನ್‌ಆರ್‌ಸಿ (ರಾಷ್ಟ್ರೀಯ ಸಂಶೋಧನಾ ಮಂಡಳಿ) ಗೊತ್ತುಪಡಿಸಿರುವ ಅಗತ್ಯ ಕಿಲೋ ಆಹಾರಕ್ಕೆ 11 ಯೂನಿಟ್ ಮಾತ್ರ, ಅಂದರೆ ಈ ಪುಡಿಯ ಲೆಕ್ಕದಲ್ಲಿ 11 ಮಿಲಿಗ್ರಾಂ. ಆದ್ದರಿಂದ ಆರೋಗ್ಯಕ್ಕೆ 50 ಧಾರಾಳವಾಯಿತು. ಆದರೆ ಮಾಂಸದ ನೆಣ ಕಮಟಾಗದಂತೆ ವಿಟಮಿನ್ ಇ ಕಾಪಾಡಬೇಕಾದರೆ ಹಂದಿ ಬದುಕಿರುವಾಗಲೇ ಸ್ನಾಯುಕೋಶಗಳ ಪೊರೆಯಲ್ಲಿ ಸಾಕಷ್ಟು ಶೇಖರವಾಗಿರಬೇಕು, ಅದಕ್ಕೆ ಕಿಲೋ ಆಹಾರಕ್ಕೆ 200 ಮಿಲಿಗ್ರಾಂನಂತೆ ಕೊನೆಯ ಕೆಲವು ವಾರ ಬಿಡದೆ ಕೊಡುವುದು ರೂಢಿ. ಹಾಗಾಗಿ ನಾನು ಟನ್ನಿಗೆ 400 ಗ್ರಾಂ ಹಾಕಿದೆ. ದಿನಕ್ಕೆ 3 ಕಿಲೋ ತಿನ್ನುವ ಹಂದಿಗೆ ಆರು ವಾರಕ್ಕೆ ಸುಮಾರು 50 ಗ್ರಾಂ ಪುಡಿ ಹಿಡಿಯುತ್ತದೆ. ಇಷ್ಟು ಅಲ್ಪ ಪುಡಿಯನ್ನು ನೇರವಾಗಿ ರಾಶಿಗೆ ಸುರಿಯದೆ, ಮೊದಲು ಕೆಲವು ಕಿಲೋ ಮೆಕ್ಕೆಜೋಳದ ಹಿಟ್ಟಿನಲ್ಲಿ ಕಲಸಿಕೊಳ್ಳಬೇಕು.

ಇಲ್ಲೊಂದು ಎಚ್ಚರಿಕೆ ಅಗತ್ಯ. ಸೆಲೆನಿಯಂ ಸೇರಿಸಿದ ವಿಟಮಿನ್ ಇ ಪುಡಿಗಳೂ ಅಂಗಡಿಯಲ್ಲಿ ಸಿಗುತ್ತವೆ. ಅವುಗಳನ್ನು ಹೀಗೆ ನಾಲ್ಕು ಪಟ್ಟು ಹಾಕಿದರೆ ಸೆಲೆನಿಯಂ ಕೂಡ ನಾಲ್ಕು ಪಟ್ಟಾಗುತ್ತದೆ. ಅದು ಮಿತಿಮೀರಿದರೆ ವಿಷವೇ: ಹಂದಿಯ ಕೂದಲು ಉದುರುತ್ತದೆ, ಗೊರಸು ಬಿರಿಯುತ್ತದೆ. ಖನಿಜ ಮಿಶ್ರಣದಲ್ಲಿ ಸೆಲೆನಿಯಂ ಹೇಗೂ ಇರುವುದರಿಂದ ನಾನು ಬರಿಯ ವಿಟಮಿನ್ ಇ ಪುಡಿಯನ್ನೇ ಆರಿಸಿಕೊಂಡೆ.

ಪರಿಣಾಮ ಸ್ಪಷ್ಟವಾಗಿ ಕಂಡದ್ದು ಫ್ರೀಜರಿನ ಮಾಂಸದಲ್ಲಿ. ಪುಡಿ ತಿನ್ನದ ಹಂದಿಯ ಮಾಂಸವನ್ನು ಕರಗಿಸಿ ಬಿಸಿ ಬಾಣಲೆಗೆ ಹಾಕಿದಾಗ ನೆಣದಿಂದ ಹಳೆಯ ಎಣ್ಣೆಯ ಕಮಟು ಎದ್ದಿತು. ಇನ್ನೊಂದರಲ್ಲಿ ಅದು ಇರಲಿಲ್ಲ. ಪಂದಿ ಕರಿಯನ್ನು ಮರುದಿನ ಬಿಸಿ ಮಾಡಿ ತಿನ್ನುವುದು ನಮ್ಮಲ್ಲಿ ಸಾಮಾನ್ಯ, ಆಗಲೂ ಕಾಚಂಪುಳಿಯ ಹುಳಿಯ ಹಿಂದೆ ಆ ಅಡ್ಡವಾಸನೆ ಸುಳಿಯಲಿಲ್ಲ. ಬಣ್ಣದಲ್ಲಿ ನನಗೆ ವ್ಯತ್ಯಾಸ ಕಾಣಲಿಲ್ಲ. ಮಾಂಸ ಪೇಲವವಾಗಿ ನೀರು ಬಿಡುವುದಕ್ಕೆ ಹೆಚ್ಚಾಗಿ ತಳಿ ಮತ್ತು ಕಡಿಯುವ ಮುನ್ನ ಹಂದಿಗೆ ಆಗುವ ಗಾಬರಿ, ಓಡಾಟಗಳೇ ಕಾರಣವಾದ್ದರಿಂದ, ಅದಕ್ಕೆ ಈ ಪುಡಿಯನ್ನು ನೆಚ್ಚಿಕೊಳ್ಳುವುದು ಸರಿಯಲ್ಲ.

ನೆಣದ ಗಟ್ಟಿತನವಂತೂ ಈ ಪುಡಿಯಿಂದ ಬರುವುದಿಲ್ಲ. ತಣ್ಣಗಾದ ಬೆನ್ನ ನೆಣವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದೆ: ಎರಡೂ ಗೂಡುಗಳ ನೆಣ ಒಂದೇ ರೀತಿ ಮೆತ್ತಗೆ ತಗ್ಗಿತು. ಹಂದಿ ತಿಂದ ಎಣ್ಣೆಯ ಗುಣ ಅದರ ನೆಣಕ್ಕೆ ನೇರವಾಗಿ ಇಳಿಯುತ್ತದೆ. ಹೋಟೆಲ್ ಮುಸುರೆಯ ಸೂರ್ಯಕಾಂತಿ ಎಣ್ಣೆ, ಎಣ್ಣೆ ತೆಗೆಯದ ಅಕ್ಕಿ ತವುಡು, ಇವೆರಡೂ ನೆಣವನ್ನು ಸಡಿಲ ಮಾಡುತ್ತವೆ. ಚರ್ಮ, ನೆಣ, ಮಾಂಸ ಮೂರೂ ಕೂಡಿರುವ ತುಂಡನ್ನೇ ಕೇಳುವ ಗಿರಾಕಿಗಳಿಗೆ ಅಂದಂದೇ ಮಾರುವವರು ಈ ಚೀಲಕ್ಕೆ ಕೊಡುವ ಹಣವನ್ನು ಕೊನೆಯ ವಾರಗಳಲ್ಲಿ ಎಣ್ಣೆ ತೆಗೆದ ತವುಡಿಗೆ ಹಾಕುವುದು ಮೇಲು. ಫ್ರೀಜರಿನಲ್ಲಿಟ್ಟು ದೂರದ ಊರಿಗೆ ಕಳಿಸುವವರಿಗೆ ಮಾತ್ರ, ಟನ್ನಿಗೆ 400 ಗ್ರಾಂ ಪ್ರಮಾಣದಲ್ಲಿ, ನಾನು ಇದನ್ನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ.