1878ರ ಆಸ್ಟ್ರಿಯಾ ಫ್ಲೋರಿನ್: ಅಂಚು ನೋಡಿ ತಗೊಳ್ಳಿ

ಆಸ್ಟ್ರಿಯಾದ ಫ್ರಾಂಜ್ ಜೋಸೆಫ್ ಚಕ್ರವರ್ತಿಯ ಕಾಲದ ಬೆಳ್ಳಿ ನಾಣ್ಯ ಫ್ಲೋರಿನ್ ಈಗ ನನ್ನ ಹತ್ತಿರ ಎರಡಿವೆ. ಎರಡೂ 1878ರವು.

ಮೊದಲನೆಯದನ್ನು ಆನ್‌ಲೈನ್‌ನಲ್ಲಿ ತರಿಸಿದ್ದೆ. ಫೋಟೋದಲ್ಲಿ ಫಳಫಳ ಹೊಳೆಯುತ್ತಿತ್ತು. ಕೈಗೆ ಬಂದ ಮೇಲೆ ಅಂಚು ತಿರುಗಿಸಿ ನೋಡಿದರೆ ಚಕ್ರವರ್ತಿಯ ತಲೆಯ ನೇರಕ್ಕೆ ಬೆಸುಗೆ ಹಾಕಿ, ಆಮೇಲೆ ಅರದಿಂದ ಉಜ್ಜಿ ತೆಗೆದ ಗುರುತು. ಯಾರೋ ಕೊಂಡಿ ಹಾಕಿಸಿ ಸರಕ್ಕೆ ಪೋಣಿಸಿಕೊಂಡಿದ್ದಾರೆ, ನಮ್ಮಲ್ಲಿ ವಿಕ್ಟೋರಿಯಾ ರೂಪಾಯಿಗೆ ಮಾಡುತ್ತಿದ್ದ ಹಾಗೆ. ಅದು ತಪ್ಪಲ್ಲ. ಆದರೆ ಮಾರುವವರು ಹೇಳಬೇಕಿತ್ತು ಅಲ್ವಾ? ಸಾಲದ್ದಕ್ಕೆ ಪಾಲಿಷ್ ಬೇರೆ. ಕೆನ್ನೆಗಡ್ಡದ ಎಳೆಗಳೆಲ್ಲ ಅಳಿಸಿಹೋಗಿದ್ದವು. ತುಂಬಾ ಬೇಜಾರಾಯಿತು.

ಎರಡನೆಯದನ್ನು ವಿಯೆನ್ನಾಗೆ ಹೋದಾಗ ಒಂದು ಸಣ್ಣ ಅಂಗಡಿಯಲ್ಲಿ ತಗೊಂಡೆ. ಬೂದು ಬಣ್ಣಕ್ಕೆ ತಿರುಗಿದೆ, ಸ್ವಲ್ಪ ಸವೆದಿದೆ, ಆದರೆ ಯಾರೂ ತಿಕ್ಕಿಲ್ಲ. ಅಂಗಡಿಯವರೇ ತಕ್ಕಡಿಯಲ್ಲಿಟ್ಟು ತೋರಿಸಿದರು, 12.3 ಗ್ರಾಂ. ಹೊಸದಾಗಿದ್ದಾಗ 12.34 ಇರಬೇಕು, ಅದರಲ್ಲಿ ನೂರಕ್ಕೆ 90 ಬೆಳ್ಳಿ. ನಮ್ಮ ಹಳೇ ರೂಪಾಯಿ 11.66 ಗ್ರಾಂ, ಹಾಗಾಗಿ ಅಂಗೈಯಲ್ಲಿಟ್ಟರೆ ಇದು ಒಂದು ಕೂದಲೆಳೆಯಷ್ಟು ಜಾಸ್ತಿ ಭಾರ ಅನ್ನಿಸುತ್ತದೆ. ಹಿಂಬದಿಯ ಎರಡು ತಲೆಯ ಹದ್ದು ನೋಡಿದ ಕೂಡಲೇ ನನಗೆ ಗಂಡಭೇರುಂಡ ನೆನಪಾಯಿತು, ಆದರೆ ಇದು ಚಕ್ರವರ್ತಿಯ ಹ್ಯಾಬ್ಸ್‌ಬರ್ಗ್ ಮನೆತನದ ಹದ್ದು.

ನನಗೆ ಬಹಳ ಇಷ್ಟವಾಗಿದ್ದು ಅಂಚು. ರೂಪಾಯಿಗೆ ಇರುವ ಹಾಗೆ ಗೀರುಗಳಿಲ್ಲ, ಸುತ್ತಲೂ ಒಳಕ್ಕೆ ಕೊರೆದ ಅಕ್ಷರ: 'ವಿರಿಬುಸ್ ಯುನಿಟಿಸ್'. ಲ್ಯಾಟಿನ್‌ನಲ್ಲಿ 'ಒಗ್ಗಟ್ಟಿನ ಬಲದಿಂದ' ಅಂತ ಅರ್ಥ, ಚಕ್ರವರ್ತಿಯ ಧ್ಯೇಯವಾಕ್ಯವೇ ಅದು. ಭೂತಗನ್ನಡಿ ಹಿಡಿದು ನಾಣ್ಯವನ್ನು ನಿಧಾನಕ್ಕೆ ಉರುಳಿಸುತ್ತಾ ಒಂದೊಂದೇ ಅಕ್ಷರ ಓದಿದೆ, ಆ ಸಂದಿಗಳಲ್ಲಿ ಕೂತ ಕಪ್ಪು ಕೊಳೆ ಇನ್ನೂ ಹಾಗೇ ಇದೆ. ಮೊದಲನೆಯ ನಾಣ್ಯದಲ್ಲಿ ಬೆಸುಗೆ ಇದ್ದ ಕಡೆ ಈ ಅಕ್ಷರಗಳೇ ಇಲ್ಲ.

ಆಸ್ಟ್ರಿಯಾ ಮತ್ತು ಹಂಗೇರಿ ನಡುವಿನ 1867ರ ಒಪ್ಪಂದದ ನಂತರ ಹಂಗೇರಿ ಇದೇ ಫ್ಲೋರಿನ್ ಅನ್ನು ಫೋರಿಂಟ್ ಹೆಸರಲ್ಲಿ ತನ್ನ ಭಾಷೆಯಲ್ಲೇ ಅಚ್ಚು ಹಾಕಿತು, ಆದ್ದರಿಂದ ಬರಹ ಬೇರೆ ಕಂಡರೆ ನಕಲಿ ಅಂತ ಗಾಬರಿಯಾಗಬೇಡಿ. 1892ರಲ್ಲಿ ಕ್ರೋನ್ ಅನ್ನುವ ಹೊಸ ಹಣ ಬಂತು, ಒಂದು ಫ್ಲೋರಿನ್‌ಗೆ ಎರಡು ಕ್ರೋನ್ ಲೆಕ್ಕ.

ಮನೆಗೆ ತಂದ ಮೇಲೆ ದಯವಿಟ್ಟು ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಆನ್‌ಲೈನ್‌ನಲ್ಲಿ ಕೊಳ್ಳುವುದಾದರೆ ಅಂಚಿನ ಫೋಟೋ ಕೇಳಿ, ಪೂರ್ತಿ ಸುತ್ತು ಕಾಣಬೇಕು. ಕೊಡದಿದ್ದರೆ ಬಿಟ್ಟುಬಿಡಿ. 1878 ಸುಲಭವಾಗಿ ಸಿಗುವ ವರ್ಷ.