ಪಿಎನ್‌ಪಿಎಂ: ತಡಮಾಡಿ ತರುತ್ತದೆಂದೇ ನನಗೆ ಇಷ್ಟ

ರಾಜಾಜಿನಗರದ ಹಾರ್ಡ್‌ವೇರ್ ಅಂಗಡಿಯೊಂದರ ಮೇಲ್ಮಹಡಿಯಲ್ಲಿ ನಾವು ನಾಲ್ವರು ಕುಳಿತು ಕಲ್ಯಾಣ ಮಂಟಪಗಳಿಗೆ ಬುಕಿಂಗ್ ತಂತ್ರಾಂಶ ಬರೆಯುತ್ತೇವೆ. ನಾವೇ ಬರೆದದ್ದು ಹಿಡಿಯಷ್ಟು. ಉಳಿದದ್ದು ಯಾರ್‍ಯಾರೋ ಬರೆದು ಎನ್‌ಪಿಎಂ ಭಂಡಾರದಲ್ಲಿ ಇಟ್ಟಿರುವ ನೂರಾರು ಪ್ಯಾಕೇಜುಗಳು, ಅಂದರೆ ಸಿದ್ಧ ಕೋಡಿನ ಕಟ್ಟುಗಳು. ಅವನ್ನು ತರಿಸಿ ಜೋಡಿಸಿಕೊಡುವ ಪಿಎನ್‌ಪಿಎಂ ಎಂಬ ಸಾಧನಕ್ಕೆ ನಾವು ಬಂದದ್ದು 2025ರ ಆಯುಧಪೂಜೆಯ ಹಿಂದಿನ ವಾರ.

ಎಲ್ಲರೂ ಇದರ ವೇಗವನ್ನು ಹೊಗಳುತ್ತಾರೆ. ಡಿಸ್ಕಿನಲ್ಲಿ ಜಾಗ ಉಳಿಯುವುದೂ ನಿಜ. ನಾನು ಬಂದದ್ದು ಅದಕ್ಕಲ್ಲ.

ಆ ಸೆಪ್ಟೆಂಬರ್ 8ರಂದು ಚಾಕ್, ಡೀಬಗ್ ಮುಂತಾದ ಪ್ಯಾಕೇಜುಗಳಿಗೆ ಕಳ್ಳ ಕೋಡ್ ನುಗ್ಗಿತ್ತು. ಅವನ್ನು ನೋಡಿಕೊಳ್ಳುತ್ತಿದ್ದವರಿಗೆ ಎನ್‌ಪಿಎಂ ಹೆಸರಿನಲ್ಲಿ ಸುಳ್ಳು ಇಮೇಲ್ ಬಂದು, ಖಾತೆ ಕೈತಪ್ಪಿತ್ತು. ಬ್ರೌಸರಿನಲ್ಲಿ ಕ್ರಿಪ್ಟೋ ಹಣ ಕಳಿಸುವ ವಿಳಾಸವನ್ನೇ ಆ ಕೋಡ್ ಬದಲಿಸುತ್ತಿತ್ತು. ಕೆಲವೇ ಗಂಟೆಗಳಲ್ಲಿ ಬಯಲಾಯಿತು. ಆ ಹೊತ್ತಿನಲ್ಲಿ ಅವಸರಪಡದವರು ಪಾರಾದರು. ಅದೇ ತಿಂಗಳು ಬಂದ ಪಿಎನ್‌ಪಿಎಂ 10.16ರಲ್ಲಿ ‘ಮಿನಿಮಮ್ ರಿಲೀಸ್ ಏಜ್’ ಎಂಬ ಸೌಲಭ್ಯವಿತ್ತು: ಹೊಸ ಆವೃತ್ತಿ ಹೊರಬಿದ್ದು ಇಷ್ಟು ಹೊತ್ತಾಗುವವರೆಗೆ ಅದನ್ನು ಮುಟ್ಟುವುದಿಲ್ಲ. ನಾನು 1 ಎಂದು ಬರೆದು, ಒಂದು ದಿನ ಎಂದುಕೊಂಡು ನೆಮ್ಮದಿಯಾಗಿ ಮನೆಗೆ ಹೋದೆ. ಅದು ನಿಮಿಷದ ಲೆಕ್ಕ. ಒಂದು ದಿನಕ್ಕೆ 1440 ಹಾಕಬೇಕು.

ಇನ್ನೊಂದು ಗುಣ ಇದಕ್ಕಿಂತ ಹಳೆಯದು. ಪ್ಯಾಕೇಜ್ ಬಂದ ಕೂಡಲೇ ತನ್ನದೊಂದು ಸ್ಕ್ರಿಪ್ಟ್, ಅಂದರೆ ಪುಟ್ಟ ಪ್ರೋಗ್ರಾಂ, ಓಡಿಸಿಕೊಳ್ಳುವ ಪದ್ಧತಿಯಿದೆ. ಪಾರ್ಸೆಲ್ ಕೊಡಲು ಬಂದವನು ಹೊಸಿಲು ದಾಟಿ ಬೀರುವಿಗೆ ಕೈಹಾಕಿದ ಹಾಗೆ. ಅದೇ ಸೆಪ್ಟೆಂಬರಿನ ಶಾಯಿ-ಹುಲುದ್ ಹುಳು ಹರಡಿದ್ದು ಈ ದಾರಿಯಲ್ಲೇ. ಖಾತೆಯ ಬೀಗದ ಕೈಯಂಥ ಟೋಕನ್ನುಗಳನ್ನು ಕದ್ದು, ಅದೇ ಮಾಲೀಕರ ಬೇರೆ ಪ್ಯಾಕೇಜುಗಳೊಳಗೂ ತಾನೇ ಸೇರಿಕೊಳ್ಳುತ್ತಿತ್ತು. ಪಿಎನ್‌ಪಿಎಂ 10ನೇ ಆವೃತ್ತಿಯಿಂದ ಇಂಥ ಸ್ಕ್ರಿಪ್ಟುಗಳನ್ನು ನಾವು ಒಪ್ಪಿಗೆ ಕೊಡದೆ ಓಡಿಸುವುದಿಲ್ಲ. ಇದರಿಂದ ಮಂಟಪದ ಫೋಟೋ ಕಿರಿದು ಮಾಡುವ ನಮ್ಮ ಪ್ಯಾಕೇಜ್ ಮೊದಲ ದಿನ ಏಳಲೇ ಇಲ್ಲ. ಅರ್ಧ ದಿನ ತಲೆ ಕೆರೆದುಕೊಂಡ ಮೇಲೆ ನೋಡಿದರೆ, ಯಾವುದನ್ನು ತಡೆದಿದ್ದೇನೆಂದು ಟರ್ಮಿನಲ್ಲಿನಲ್ಲಿ ಪಿಎನ್‌ಪಿಎಂ ಸ್ಪಷ್ಟವಾಗಿ ಹೇಳಿತ್ತು. ಓದದೆ ಬಿಟ್ಟವಳು ನಾನು.

ಹಾಗೆಂದು ಇದನ್ನೇ ನಂಬಿ ಮಲಗುವ ಹಾಗಿಲ್ಲ. 2018ರಲ್ಲಿ ಈವೆಂಟ್-ಸ್ಟ್ರೀಮ್ ಪ್ಯಾಕೇಜಿಗೆ ಸೇರಿದ ಕಳ್ಳ ಕೋಡ್ ವಾರಗಟ್ಟಲೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅಲ್ಲಿ ಒಂದು ದಿನ ಕಾದರೂ ಪ್ರಯೋಜನವಾಗುತ್ತಿರಲಿಲ್ಲ. ಭದ್ರತೆಯ ತುರ್ತು ತಿದ್ದುಪಡಿ ಬಂದಾಗಲೂ ಇದೇ ಕಾಯುವಿಕೆ ಅಡ್ಡ ಬರುತ್ತದೆ. ಆಗ ಆ ಪ್ಯಾಕೇಜಿನ ಹೆಸರನ್ನು ವಿನಾಯಿತಿಯ ಪಟ್ಟಿಗೆ ನಾವೇ ಸೇರಿಸಬೇಕು. ಆ ಪಟ್ಟಿ ಉದ್ದವಾಗದಂತೆ ನೋಡಿಕೊಳ್ಳುವುದೇ ಒಂದು ಕೆಲಸ.

ಈಗ 4320 ಇಟ್ಟಿದ್ದೇನೆ. “ಮೂರು ದಿನ ಯಾಕೆ ಮೇಡಂ?” ಎಂದು ನಮ್ಮಲ್ಲಿ ಹೊಸದಾಗಿ ಸೇರಿದ ಹುಡುಗ ಕೇಳಿದ. ಶುಕ್ರವಾರ ಸಂಜೆ ಬಂದ ಕಳ್ಳಮಾಲನ್ನು ಶನಿವಾರ, ಭಾನುವಾರ ಯಾರಪ್ಪ ನೋಡುತ್ತಾರೆ ಎಂದೆ.