ಸಿಪ್ಯಾಪ್ ಮಷೀನು, ಸೊಂಟನೋವು, ಶಿರಸಿಯ ಮಳೆಗಾಲ: 19 ತಿಂಗಳು ಬಳಸಿದ ಮೇಲೆ

ಸಿಪ್ಯಾಪ್ ಅಂದರೆ ನಿದ್ದೆಯಲ್ಲಿ ಉಸಿರು ಕಟ್ಟದ ಹಾಗೆ ಮಾಸ್ಕಿನಿಂದ ಗಾಳಿ ಊದುವ ಮಷೀನು. ಮೊದಲೇ ಹೇಳಿಬಿಡುತ್ತೇನೆ, ಈ ಮಷೀನಿನಿಂದ ನನ್ನ ಸೊಂಟನೋವು ವಾಸಿಯಾಗಿಲ್ಲ. ಅಷ್ಟೇ ತಿಳಿಯಬೇಕಿದ್ದವರು ಇಲ್ಲಿಗೇ ನಿಲ್ಲಿಸಬಹುದು. ನೋವು ಇಟ್ಟುಕೊಂಡೇ ದಿನ ಕಳೆಯೋದು ಎಷ್ಟು ಹಗುರವಾಯ್ತು ಅಂತ ಕೇಳಿದರೆ ಮಾತ್ರ ಉತ್ತರ ಸ್ವಲ್ಪ ಉದ್ದ.

ನನ್ನದು ಶಿರಸಿ ಹತ್ತಿರದ ಹಳ್ಳಿ, ವಯಸ್ಸು 51. ಸೊಂಟ, ಕುತ್ತಿಗೆ ಎರಡೂ ನೋವು, 11 ವರ್ಷದಿಂದ. ಮೆಟ್ಟುಕತ್ತಿ ಮುಂದೆ ಕೂತು ಅಡಿಕೆ ಸುಲಿದವರಿಗೆ ಇದೇನು ಹೊಸ ಸಂಗತಿ ಅಲ್ಲ. ಎಂಆರ್‌ಐ, ಬೆಲ್ಟು, ಎಣ್ಣೆ, ಕಷಾಯ ಎಲ್ಲ ಆಯ್ತು. ಬೆಳಿಗ್ಗೆ ಏಳುವಾಗ ತಲೆ ಭಾರ, ಮೈಯೆಲ್ಲ ಒನಕೆಯಲ್ಲಿ ಕುಟ್ಟಿಸಿಕೊಂಡ ಹಾಗೆ. ನೋವಿರೋದಕ್ಕೆ ನಿದ್ದೆ ಇಲ್ಲ ಅಂತ ಎಲ್ಲರೂ ಹೇಳುತ್ತಿದ್ದರು, ನಾನೂ ನಂಬಿದ್ದೆ. ಗೊರಕೆ ವಿಷಯ ಯಾವ ಡಾಕ್ಟರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಹೆಂಗಸಾಗಿ ಗೊರಕೆ ಹೊಡೆಯುತ್ತೇನೆ ಅಂತ ಹೇಳಿಕೊಳ್ಳೋಕೆ ನಾಚಿಕೆ, ಅಲ್ವಾ?

ಒಂದು ದಿನ ಯಜಮಾನರು ಮೊಬೈಲಲ್ಲಿ ರೆಕಾರ್ಡ್ ಮಾಡಿ ಕೇಳಿಸಿದರು. ಗೊರಕೆ ಕೇಳಿ ನಗು ಬಂತು. ಆಮೇಲೆ ಇದ್ದಕ್ಕಿದ್ದ ಹಾಗೆ ಎಲ್ಲ ನಿಂತು, ತೋಟದ ಜೀರುಂಡೆ ಸದ್ದು ಮಾತ್ರ ಉಳಿದು, ಇಪ್ಪತ್ತು ಎಣಿಸುವಷ್ಟು ಹೊತ್ತಾದ ಮೇಲೆ ಕೆರೆಯಲ್ಲಿ ಮುಳುಗಿ ಎದ್ದವರ ಹಾಗೆ ಒಂದು ಉಸಿರು. ನಗು ಅಲ್ಲಿಗೇ ನಿಂತಿತು.

ಹುಬ್ಬಳ್ಳಿಗೆ ಹೋದೆವು. ಮನೆಯಲ್ಲೇ ಮಲಗಿ ಮಾಡುವ ಟೆಸ್ಟ್ ಕೊಟ್ಟರು. ಎದೆಗೆ ಪಟ್ಟಿ, ಮೂಗಿಗೆ ಸಣ್ಣ ನಳಿಕೆ, ಬೆರಳಿಗೆ ಕ್ಲಿಪ್ಪು. ಎಎಚ್‌ಐ 34 ಬಂತು. ಅಂದರೆ ಗಂಟೆಗೆ 34 ಸಲ ಉಸಿರು ನಿಲ್ಲುತ್ತಿತ್ತು, ಇಲ್ಲವೇ ಅರೆಬರೆಯಾಗುತ್ತಿತ್ತು. 5ರ ಒಳಗಿದ್ದರೆ ಚಿಂತೆ ಇಲ್ಲ, 30 ದಾಟಿದರೆ ತೀವ್ರ ಸ್ಲೀಪ್ ಆಪ್ನಿಯಾ, ಅಂದರೆ ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆ, ಅಂತ ಲೆಕ್ಕ. ಉಸಿರು ಕಟ್ಟಿದಾಗೆಲ್ಲ ಮೆದುಳು ಅರ್ಧ ಎಚ್ಚರವಾಗುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ, ಆದರೆ ಗಾಢ ನಿದ್ದೆ ಚೂರುಚೂರಾಗುತ್ತದೆ, ಆಮೇಲೆ ಅದೇ ನೋವು ಎರಡು ಪಟ್ಟು ಕಾಣುತ್ತದೆ ಅಂದರು ಡಾಕ್ಟರು. 1975ರಲ್ಲೇ ಕೆನಡಾದ ಹಾರ್ವಿ ಮೊಲ್ಡೋಫ್‌ಸ್ಕಿ ಅನ್ನೋ ವೈದ್ಯರ ತಂಡ, ಏನೂ ಕಾಯಿಲೆ ಇಲ್ಲದವರಿಗೆ ಗಾಢ ನಿದ್ದೆ ಹತ್ತಿದಾಗೆಲ್ಲ ಸದ್ದು ಮಾಡಿ ಕೆಡಿಸಿತ್ತಂತೆ. ಕೆಲವೇ ದಿನಕ್ಕೆ ಅವರಿಗೂ ಮೈಕೈ ನೋವು ಶುರು. ನನಗೆ ಆ ಸದ್ದು ಮಾಡಲು ಯಾರೂ ಬೇಕಿರಲಿಲ್ಲ, ನನ್ನ ಗಂಟಲೇ ಸಾಕಿತ್ತು.

ಇನ್ನೊಂದು ವಿಷಯ, ನೋವಿನವರು ಇದನ್ನ ದಯವಿಟ್ಟು ಓದಿ. ರಾತ್ರಿ ನೋವಿಗೆ ಟ್ರಮಾಡಾಲ್, ಜೊತೆಗೆ ನಿದ್ದೆಗೊಂದು ಮಾತ್ರೆ ನುಂಗುತ್ತಿದ್ದೆ. ಈ ಜಾತಿಯ ಮಾತ್ರೆಗಳು ಉಸಿರಾಟವನ್ನ ಇನ್ನೂ ಮಂದ ಮಾಡಬಹುದು, ಎರಡೂ ಸೇರಿದರೆ ಅಪಾಯ ಜಾಸ್ತಿ. ಗೊರಕೆ ಇದೆ ಅಂತ ನಾನು ಹೇಳಲಿಲ್ಲ, ಬರೆದುಕೊಟ್ಟವರು ಕೇಳಲಿಲ್ಲ. ಹಾಗಂತ ನೀವೇ ಸುಮ್ನೆ ಒಂದೇ ಸಲಕ್ಕೆ ಬಿಡಬೇಡಿ. ಟ್ರಮಾಡಾಲ್ ಹಾಗೆ ಬಿಡುವ ಮಾತ್ರೆ ಅಲ್ಲ. ನನಗೆ ನಾಲ್ಕು ತಿಂಗಳು ಹಿಡಿದು ನಿಧಾನಕ್ಕೆ ಇಳಿಸಿದರು.

ಈಗ ಮಷೀನು. ಮಾಸ್ಕ್ ಸೇರಿ 52,000 ಆಯ್ತು. ವಿಮೆಯವರು ಒಂದು ರೂಪಾಯಿ ಕೊಡಲಿಲ್ಲ. ಒಳಗೆ ದೊಡ್ಡ ವಿದ್ಯೆ ಏನಿಲ್ಲ, ಒತ್ತಡದಲ್ಲಿ ಗಾಳಿ ಊದಿ ಗಂಟಲು ಮುಚ್ಚದ ಹಾಗೆ ನೋಡಿಕೊಳ್ಳುತ್ತದೆ, ಅಷ್ಟೇ. ಸಿಡ್ನಿಯ ವೈದ್ಯ ಕಾಲಿನ್ ಸಲ್ಲಿವನ್ 1980ರಲ್ಲಿ ಇದನ್ನ ಮೊದಲು ಮಾಡಿದ್ದು ವ್ಯಾಕ್ಯೂಮ್ ಕ್ಲೀನರ್ ಮೋಟಾರು ಇಟ್ಟುಕೊಂಡು.

ಮೊದಲ ತಿಂಗಳು ನರಕ. ಅತ್ತೆ ಬಾಗಿಲಲ್ಲೇ ನಿಂತು "ಎಂತದೇ ಇದು, ಆನೆ ಸೊಂಡ್ಲು ಹಾಕ್ಯಂಡು ಮಲಗ್ತ್ಯಾ" ಅಂದರು. ಅಂಗಡಿಯವರು ಮೂಗು ಬಾಯಿ ಎರಡೂ ಮುಚ್ಚುವ ದೊಡ್ಡ ಮಾಸ್ಕ್ ಕೊಟ್ಟಿದ್ದರು, ಅಳತೆ ನೋಡಲಿಲ್ಲ, ಆಮೇಲೆ ಫೋನೂ ಎತ್ತಲಿಲ್ಲ. ಗಾಳಿ ಸೋರಿ ಕಣ್ಣಿಗೆ ಹೊಡೆಯುತ್ತಿತ್ತು. ಗಟ್ಟಿ ಕಟ್ಟಿದರೆ ಪಟ್ಟಿ ಸರಿಯಾಗಿ ಕುತ್ತಿಗೆ ನೋಯುವ ಜಾಗದಲ್ಲೇ ಕೂರುತ್ತಿತ್ತು. ರಾತ್ರಿ ಎರಡಕ್ಕೆ ಕಿತ್ತೆಸೆದು ಮಲಗಿದ ದಿನಗಳೇ ಜಾಸ್ತಿ. ಕೊನೆಗೆ ಬೇರೆ ಕಡೆಯಿಂದ ಮೂಗಿನ ಹೊಳ್ಳೆಗೆ ಮಾತ್ರ ಕೂರುವ, ಪೈಪು ನೆತ್ತಿ ಮೇಲಿಂದ ಹೋಗುವ ಮಾಸ್ಕ್ ತರಿಸಿದೆ. ಸೊಂಟನೋವಿಗೆ ಮಂಡಿ ನಡುವೆ ದಿಂಬಿಟ್ಟು ಮಗ್ಗುಲಾಗಿ ಮಲಗುವವರಿಗೆ ಇದೇ ಸರಿ. ಬಾಯಿ ತೆರೆದು ಮಲಗುವವರಿಗೆ ಇದು ಆಗಲಿಕ್ಕಿಲ್ಲ.

ಬೆಳಗಿನ ತಲೆನೋವು ಮಾಸ್ಕ್ ಬದಲಾದ ವಾರದಲ್ಲೇ ಹೋಯ್ತು. ಸೊಂಟದ ವಿಷಯ ಮಾತ್ರ ತಡ. ಮಷೀನು ಬಂದಿದ್ದು ಆಗಸ್ಟಿನಲ್ಲಿ. ನವೆಂಬರಿನಲ್ಲಿ ಅಡಿಕೆ ಸುಲಿಯೋಕೆ ಕೂತಾಗ, ಮಾತಾಡುತ್ತಾ ಮಾತಾಡುತ್ತಾ ಒಂದೂವರೆ ಬುಟ್ಟಿ ಮುಗಿದಿತ್ತು, ಗೋಡೆಗೆ ಒರಗಬೇಕು ಅಂತ ಅನ್ನಿಸಿರಲೇ ಇಲ್ಲ. ಹಿಂದಿನ ವರ್ಷ ಅರ್ಧ ಬುಟ್ಟಿಗೇ ಎದ್ದು ಹೋಗಿದ್ದೆ. ಎದ್ದು ನಿಂತಾಗ ಸೊಂಟ ಹಿಡಿದುಕೊಂಡಿದ್ದು ಹೌದು, ಆದರೆ ಅದು ಸೊಂಟದಲ್ಲೇ ಇತ್ತು, ಮೈಯೆಲ್ಲ ಹರಡಿರಲಿಲ್ಲ. ಹತ್ತಕ್ಕೆ ಏಳು ಅನ್ನುತ್ತಿದ್ದ ನೋವು ಈಗ ಸಾಮಾನ್ಯವಾಗಿ ಐದು. ಕೆಟ್ಟ ದಿನ ಎಂಟೂ ಆಗುತ್ತದೆ. ಸವೆದ ಬೆನ್ನೆಲುಬಿಗೆ ಗಾಳಿ ಊದಿದರೆ ಅದೇನು ಸರಿಯಾಗುತ್ತದಾ? ಮಷೀನಿನ ಪರದೆಯಲ್ಲಿ ಎಎಚ್‌ಐ ಈಗ ಎರಡು, ಮೂರು. ಕರೆಂಟಿಲ್ಲದೆ ಎರಡು ರಾತ್ರಿ ತಪ್ಪಿದರೆ ಮೂರನೇ ದಿನ ಹಳೇ ಒನಕೆ ವಾಪಸ್. ನನಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಕರೆಂಟ್ ಅಂದೆನಲ್ಲ, ನಮ್ಮ ಕಡೆಯವರು ಮಷೀನಿನ ಖರ್ಚಿನ ಜೊತೆ ಇನ್ವರ್ಟರನ್ನೂ ಲೆಕ್ಕ ಹಿಡಿಯಿರಿ. ಮಳೆಗಾಲದಲ್ಲಿ ಒಂದು ಮರ ಬಿದ್ದರೆ ಎರಡು ದಿನ ಕತ್ತಲೆ. ಬ್ಯಾಟರಿ ತಿನ್ನುವುದು ಹೆಚ್ಚಾಗಿ, ಊದುವ ಗಾಳಿಗೆ ತೇವ ಸೇರಿಸಲು ನೀರು ಕಾಯಿಸುವ ಹ್ಯೂಮಿಡಿಫೈಯರು. ಜುಲೈನಲ್ಲಿ ಗೋಡೆಯೇ ಬೆವರುವಾಗ ಅದು ಬೇಡವೂ ಬೇಡ, ಆಫ್ ಮಾಡಿದರೆ ರಾತ್ರಿಯಿಡೀ ನಡೆಯುತ್ತದೆ. ಚಳಿಗಾಲದಲ್ಲಿ ಬೇಕು, ಆದರೆ ಆಗ ಪೈಪಿನಲ್ಲಿ ಹಬೆ ನೀರಾಗಿ ಮೂಗಿಗೆ ಟಪ್ ಅಂತ ತೊಟ್ಟಿಕ್ಕುತ್ತದೆ. ಹಳೇ ಹತ್ತಿ ಸೀರೆ ಹರಿದು ಪೈಪಿಗೆ ಗವಸು ಹೊಲಿದೆ, ನಿಂತಿತು. ಅಂಗಡಿಯಲ್ಲಿ ಅದೇ ಗವಸಿಗೆ 900 ಕೇಳಿದ್ದರು!

ಫಿಲ್ಟರ್ ತಿಂಗಳಿಗೊಮ್ಮೆ ಬದಲಿಸಿ ಅಂದಿದ್ದರು. ನನ್ನದು ಹದಿನೈದು ದಿನಕ್ಕೇ ಕಾಫಿ ಬಣ್ಣ. ಯಾಕೆ ಅಂತ ನೋಡಿದರೆ ಕೋಣೆ ಪಕ್ಕದಲ್ಲೇ ಬಚ್ಚಲ ಒಲೆ, ಬೆಳಿಗ್ಗೆ ಐದಕ್ಕೆ ಹಂಡೆಗೆ ಬೆಂಕಿ ಹಾಕಿದರೆ ಹೊಗೆಯೆಲ್ಲ ಕಿಟಕಿಯಿಂದ ಒಳಗೆ. ಮಷೀನನ್ನ ಮಂಚದ ಆ ಬದಿಗೆ ಸರಿಸಿದೆ. ಮಳೆಗಾಲದಲ್ಲಿ ಪೈಪು ತೊಳೆದರೆ ಒಣಗುವುದಿಲ್ಲ, ಬೂಸು ಹಿಡಿಯುತ್ತದೆ. ಅದಕ್ಕೇ ಎರಡು ಪೈಪು ಇಟ್ಟುಕೊಂಡಿದ್ದೇನೆ, ಒಂದು ಸದಾ ಅಡಿಗೆಮನೆ ಒಲೆಯಿಂದ ದೂರ ದಾರದ ಮೇಲೆ ನೇತಾಡುತ್ತಿರುತ್ತದೆ, ಬಂದವರೆಲ್ಲ ಏನಿದು ಅಂತ ಕೇಳುತ್ತಾರೆ.

ಐದಕ್ಕೆ ನಾಲ್ಕು. ಒಂದು ಅಂಕ ಕಳೆದಿದ್ದು ಕುತ್ತಿಗೆ ಪಟ್ಟಿಗೆ. ಬೆಲೆಗೂ ಅರ್ಧ ಕಳೆಯೋಣ ಅಂತಿದ್ದೆ, ಮಾತ್ರೆಗೆ ಹೋಗುತ್ತಿದ್ದ ದುಡ್ಡು ನೆನಪಾಗಿ ಬಿಟ್ಟೆ.